ಶುಭ್ರಪ್ಪನವರು ಸೊಪ್ಪು ತೊಳೆದದ್ದು

ಸೊಪ್ಪಿನಲ್ಲಿ ಮಣ್ಣಿರುತ್ತದೆ. ಮಣ್ಣು ತಾನಾಗಿ ಎದ್ದು ಹೋಗುವುದಿಲ್ಲ. ಇಷ್ಟು ವರ್ಷ ಉಂಡರೂ ನಿಮ್ಮ ಹಲ್ಲಿಗೆ ಮರಳಿನ ಒಂದು ಕಣ ಸಿಕ್ಕಿಲ್ಲವೆಂದರೆ ಅದು ನಿಮ್ಮ ಪುಣ್ಯವಲ್ಲ, ಸ್ವಾಮಿ! ನಿಮ್ಮ ಮನೆಯಲ್ಲಿ ಯಾರೋ ಸೊಂಟ ಬಗ್ಗಿಸಿ ತೊಳೆದಿದ್ದಾರೆ.

ಇಷ್ಟು ಸಣ್ಣ ಸಂಗತಿ ಶುಭ್ರಪ್ಪನವರಿಗೆ ತಲೆ ನರೆಯುವವರೆಗೂ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿತ್ತು, ಏಕೆಂದರೆ ತೊಳೆಯುವುದೇ ಅವರ ಕಸುಬು. ಊರಿನ ದೊಡ್ಡ ಆಸ್ಪತ್ರೆಯ ಲಾಂಡ್ರಿಗೆ ಅವರು ಮೇಲ್ವಿಚಾರಕರು. ವಾರ್ಡುಗಳಿಂದ ರಕ್ತ, ಕೀವು, ಗಂಜಿ, ಕಣ್ಣೀರು ಎಲ್ಲವನ್ನೂ ಹೀರಿಕೊಂಡು ಬರುವ ಹೊದಿಕೆಗಳು ಅವರ ಕೈ ದಾಟಿದರೆ ಹಾಲಿನಂತಾಗಿ ಹೋಗುತ್ತಿದ್ದವು. ಶುಭ್ರಪ್ಪ ಎಂಬುದು ಲಾಂಡ್ರಿಯವರು ಇಟ್ಟ ಅಡ್ಡಹೆಸರು. ಹಿಂದಿನಿಂದ ಕರೆಯಲೆಂದು ಇಟ್ಟದ್ದು. ಇವರು ಅದನ್ನು ಬಿರುದೆಂದು ತಿಳಿದು ಮುಂದಿನಿಂದಲೇ ಸ್ವೀಕರಿಸಿಬಿಟ್ಟರು.

ಕಲೆ ಓದುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಒಂದು ಹೊದಿಕೆಯನ್ನು ಬೆಳಕಿಗೆ ಹಿಡಿದು, "ಇದು ಟಿಂಚರು. ಇದು ಕಾಫಿ. ಇದು ರೋಗಿಯದ್ದಲ್ಲ, ರೋಗಿಯ ಊಟ ಕದ್ದು ತಿಂದ ನೆಂಟನದ್ದು!" ಎಂದು ತೀರ್ಪು ಕೊಡುತ್ತಿದ್ದರು. "ಕಲೆ ಸುಳ್ಳು ಹೇಳಲ್ಲ ಕಣ್ರಯ್ಯಾ. ಈ ಕಣ್ಣು ತಪ್ಪಿಸಿ ಯಾವ ಕಲೆಯೂ ಹೋಗಿಲ್ಲ" ಎಂಬುದು ಅವರ ನಿತ್ಯದ ಘೋಷಣೆ.

ಅವರ ಹೆಂಡತಿಗೆ ಕ್ಯಾನ್ಸರ್. ಈ ಪದವನ್ನು ಪಿಸುಮಾತಿನಲ್ಲಿ ಹೇಳುವ ಚಾಳಿ ನಮಗಿದೆ. ಪಿಸುಗುಟ್ಟಿದ ಮಾತ್ರಕ್ಕೆ ಅದೇನೂ ಮೆಲ್ಲಗೆ ಬರುವುದಿಲ್ಲ. ಆದ್ದರಿಂದ ಗಟ್ಟಿಯಾಗಿಯೇ ಹೇಳಿಬಿಡೋಣ. ಕೀಮೋ ಮುಗಿಯುವ ಹೊತ್ತಿಗೆ ಆಕೆಯ ಕೂದಲು ಹೋಗಿತ್ತು, ಹುಬ್ಬು ಹೋಗಿತ್ತು, ನಾಲಿಗೆಯ ರುಚಿ ಹೋಗಿತ್ತು. ಇಷ್ಟೆಲ್ಲ ಹೋದರೂ ಆ ಮನೆಯಲ್ಲಿ ಕೂದಲೂ ಕೊಂಕದೆ ಉಳಿದದ್ದು ಗಂಡನ ಬಡಾಯಿಯೊಂದೇ!

"ಬೇರೆಯವರು ಕೀಮೋ ಅಂದ್ರೆ ವಾಂತಿ ಮಾಡಿ ಮಾಡಿ ನೆಲ ಹಿಡೀತಾರೆ" ಎಂದು ಅವರು ಲಾಂಡ್ರಿಯಲ್ಲಿ ಯಂತ್ರಗಳ ಗದ್ದಲವನ್ನೂ ಮೀರಿಸಿ ಕೂಗುತ್ತಿದ್ದರು. "ನಮ್ಮನೇಲಿ? ಒಂದೇ ಒಂದು ಸಲ ಇಲ್ಲ! ಯಾಕೆ ಹೇಳಿ?"

"ನಿಮ್ಮ ಆರೈಕೆ ಸಾರ್!" ಎಂದು ಕೆಲಸದವರು ಒಕ್ಕೊರಲಿನಿಂದ ಹೇಳುತ್ತಿದ್ದರು.

"ಕೇಳಿಸ್ಲಿಲ್ಲ!"

"ನಿಮ್ಮ ಆರೈಕೆ ಸಾರ್!!"

ಆಮೇಲೆ ಎಲ್ಲರಿಗೂ ಚಹಾ ಬರುತ್ತಿತ್ತು. ಉತ್ತರ ಅಷ್ಟು ಜೋರಾಗಿ ಬರುತ್ತಿದ್ದುದಕ್ಕೆ ಅದೂ ಒಂದು ಕಾರಣವಿರಬಹುದು.

ಆರೈಕೆಯೆಂದರೆ ಏನು ಮಾಡುತ್ತಿದ್ದರು? ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಕೋಣೆಯ ಬಾಗಿಲಲ್ಲಿ ನಿಂತು, "ಹೇಗಿದ್ದೀಯ?" ಎನ್ನುತ್ತಿದ್ದರು. ಆಕೆ, "ಚೆನ್ನಾಗಿದ್ದೀನಿ" ಎನ್ನುತ್ತಿದ್ದರು. ಸಂಜೆ ಬಂದು ಅದನ್ನೇ ಕೇಳಿ ಅದೇ ಉತ್ತರ ಪಡೆದು ಟಿ.ವಿ. ಹಾಕುತ್ತಿದ್ದರು. ಉಳಿದದ್ದನ್ನು ಹೆಂಡತಿಯ ತಂಗಿ ಬಂದು ಹೋಗಿ ನೋಡಿಕೊಳ್ಳುತ್ತಿದ್ದಳು. ಇದನ್ನು ಓದಿ ನಗುತ್ತಿರುವ ಗಂಡಸರು ಸ್ವಲ್ಪ ತಡೆಯಿರಿ, ನಿಮ್ಮ ಸರದಿಯೂ ಇದೆ.

ಕೊನೆಯ ತಪಾಸಣೆಯ ದಿನ ಡಾಕ್ಟರಮ್ಮ ವರದಿ ನೋಡಿ, "ರಕ್ತ ಪರವಾಗಿಲ್ಲ. ಇನ್ಮೇಲೆ ಹಸಿ ತರಕಾರಿ, ಹಸಿ ಸೊಪ್ಪು ಸ್ವಲ್ಪ ತಿನ್ನಬಹುದು" ಎಂದರು. ಹೆಂಡತಿಯ ಮುಖ ಅರಳಿತು. "ಆದರೆ ತೊಳೆಯೋದು ಸರಿಯಾಗಿ ಆಗಬೇಕು. ಹೊಟ್ಟೆ ಕೆಟ್ಟು ಜ್ವರ ಬಂತು ಅಂದ್ರೆ ಮತ್ತೆ ವಾರ್ಡಿಗೇ ಬರಬೇಕಾಗುತ್ತೆ. ತೂಕ ಬೇರೆ ಇಳೀತಾನೇ ಇದೆ. ಏನಾದರೂ ತಿನ್ನಬೇಕು ಅನ್ನಿಸಿದ ಹೊತ್ತಲ್ಲಿ ತಿಂದುಬಿಡಿ, ಆ ಹೊತ್ತನ್ನ ಬಿಡಬೇಡಿ."

ಅದು ನಿಜ. ಆಕೆಯ ಹಸಿವು ಈಗ ಕರೆಯದೆ ಬರುವ, ಕೂರಿಸುವ ಮೊದಲೇ ಎದ್ದು ಹೋಗುವ ನೆಂಟನಂತಾಗಿತ್ತು. ಎಷ್ಟೋ ತಿಂಗಳಿಂದ ಬೇಯಿಸಿದ್ದು, ಬೇಯಿಸಿ ಮಸೆದದ್ದು, ಮಸೆದು ಮತ್ತೆ ಬೇಯಿಸಿದ್ದು. ಸೇಬನ್ನೂ ಬೇಯಿಸಿಯೇ ಕೊಟ್ಟಿದ್ದರು. ಬಾಯಿಗೆ ಹಾಕಿದ್ದೆಲ್ಲ ತುಕ್ಕು ಹಿಡಿದ ಕಬ್ಬಿಣದಂತೆ ಅನ್ನಿಸುತ್ತಿತ್ತು.

"ನಂಗೆ ಕರುಂ ಅನ್ನೋದು ಏನಾದ್ರೂ ಬೇಕು ರೀ" ಎಂದರು ದಾರಿಯಲ್ಲಿ. "ಆ ಲೆಟ್ಯೂಸ್ ಎಲೆ ಇರುತ್ತಲ್ಲ, ತಣ್ಣಗೆ, ಗರಿಗರಿಯಾಗಿ, ಅದು. ಬಾಯಿಗೆ ರುಚಿ ಗೊತ್ತಾಗ್ದಿದ್ರೂ ಪರವಾಗಿಲ್ಲ, ಕಿವಿಗಾದ್ರೂ ರುಚಿ ಸಿಗಲಿ."

ಶುಭ್ರಪ್ಪನವರ ಎದೆ ಉಬ್ಬಿತು. ಭಾನುವಾರ ತಾವೇ ಮಾರುಕಟ್ಟೆಗೆ ಹೋಗಿ ಮಗುವಿನ ತಲೆಯಷ್ಟು ದಪ್ಪದ ನಾಲ್ಕು ಲೆಟ್ಯೂಸ್ ತಂದರು.

"ಕೊಡಿ ಭಾವ, ತೊಳೆದುಕೊಡ್ತೀನಿ" ಎಂದು ಹೆಂಡತಿಯ ತಂಗಿ ಕೈ ಚಾಚಿದಳು.

"ಸರಿ ಅತ್ಲಾಗೆ! ಇಡೀ ಆಸ್ಪತ್ರೆ ತೊಳೆಯೋನಿಗೆ ನಾಲ್ಕು ಎಲೆ ತೊಳೆಯೋಕೆ ಬರಲ್ವಾ?"

"ಎಲೆ ಬೆಡ್‌ಶೀಟ್ ಅಲ್ಲ ಭಾವ."

"ಎರಡೂ ಹಾಸಿದ್ರೆ ಅಗಲವಾಗೇ ಇರುತ್ತೆ! ಇವತ್ತು ನಾನು ಕರೆಯೋವರೆಗೂ ಅಡುಗೆಮನೆಗೆ ಯಾರೂ ಕಾಲಿಡಕೂಡದು. ಇದು ಆಜ್ಞೆ!"

ಹೆಂಡತಿ ತಲೆಗೆ ಕಟ್ಟಿದ ಬಟ್ಟೆ ಸರಿಮಾಡಿಕೊಂಡು ನಡುಮನೆಯ ಕುರ್ಚಿಯಲ್ಲಿ ಕುಳಿತಿದ್ದರು. "ಬೇಗ ರೀ. ಅಪರೂಪಕ್ಕೆ ಹಸಿವಾಗ್ತಿದೆ" ಎಂದರು ನಗುತ್ತ.

ಬಾಗಿಲು ಮುಚ್ಚಿತು. ದಂಡಯಾತ್ರೆ ಆರಂಭವಾಯಿತು!

ಲಾಂಡ್ರಿಯ ಮೊದಲ ನಿಯಮ: ಬಿಸಿನೀರಿಲ್ಲದೆ ರೋಗಾಣು ಸಾಯದು. ಶುಭ್ರಪ್ಪನವರು ಕುದಿಯುವ ನೀರನ್ನು ಮೊದಲ ಲೆಟ್ಯೂಸಿನ ತಲೆಯ ಮೇಲೆ ಸುರಿದು ಅಭಿಷೇಕ ಮಾಡಿದರು. ರೋಗಾಣುಗಳು ಸತ್ತವೋ ಇಲ್ಲವೋ, ಲೆಟ್ಯೂಸ್ ಮಾತ್ರ ತಕ್ಷಣ ಪ್ರಾಣ ಬಿಟ್ಟಿತು. ಎತ್ತಿ ನೋಡಿದರೆ ಮಳೆಯಲ್ಲಿ ನೆನೆದ ಕಾಲುಚೀಲ! ಅದನ್ನು ಕಸದ ಬುಟ್ಟಿಯ ತಳದಲ್ಲಿ ಹೂತು, ಮೇಲೆ ಹಳೆಯ ಪೇಪರ್ ಹೊದಿಸಿ, ಸಾಕ್ಷ್ಯ ನಾಶಮಾಡಿದರು.

ಎರಡನೆಯ ನಿಯಮ: ನೊರೆ ಬಾರದೆ ಕೊಳೆ ಹೋಗದು. ಪಾತ್ರೆ ತೊಳೆಯುವ ದ್ರವ ಒಂದೇ ಹನಿ ಹಾಕಬೇಕೆಂದು ಬಾಟಲಿ ಬಗ್ಗಿಸಿದರು. ಬಾಟಲಿಗೆ ಹನಿಯ ಲೆಕ್ಕ ಎಲ್ಲಿ ಗೊತ್ತು? ಬಳಬಳನೆ ಸುರಿಯಿತು. ಲೆಟ್ಯೂಸ್ ಮಡಿಕೆ ಮಡಿಕೆಯ ಪ್ರಾಣಿ. ಒಂದೊಂದು ಮಡಿಕೆಯಲ್ಲೂ ನೊರೆ ಮನೆ ಮಾಡಿಕೊಂಡಿತು. ತೊಳೆದರೆ ನೊರೆ. ಜಾಲಿಸಿದರೆ ನೊರೆ. ನಲ್ಲಿ ಪೂರ್ತಿ ಬಿಟ್ಟರೆ ಮೊಣಕೈವರೆಗೂ ನೊರೆ. ಹೋಗಿರಬಹುದೆಂಬ ಭರವಸೆಯಲ್ಲಿ ಒಂದೆಲೆ ಬಾಯಿಗಿಟ್ಟು ಅಗಿದರು. ಉಸಿರು ಬಿಟ್ಟಾಗ ತುಟಿಯ ಮೇಲೆ ಒಂದು ಗುಳ್ಳೆ ಎದ್ದು, ಬಣ್ಣ ಬಣ್ಣವಾಗಿ ಹೊಳೆದು, ಟಪ್ ಎಂದು ಒಡೆಯಿತು!

"ಭಾವ, ಆಯ್ತಾ?"

"ಆಗ್ತಾ ಇದೆ!" ಎಂದರು. ಎರಡನೆಯ ಗುಳ್ಳೆ ಹಾರಿತು.

ಮೂರನೆಯದರ ಹೊತ್ತಿಗೆ ಬುದ್ಧಿ ಬಂದಿತ್ತು. ಬರೀ ತಣ್ಣೀರು. ಅನ್ನ ಮಾಡುವ ಪಾತ್ರೆಯಲ್ಲಿ ಎಲೆ ತುರುಕಿ, ನೀರು ತುಂಬಿ, ಕೈಯಲ್ಲಿ ಎಲೆ ತಡೆದು ನೀರನ್ನು ಬಸಿದರು. ತಳದಲ್ಲಿದ್ದ ಮಣ್ಣೆಲ್ಲ ಆ ಬಸಿಯುವ ನೀರಿನ ಜೊತೆ ಎದ್ದು ಬಂದು ಮತ್ತೆ ಎಲೆಯ ಮೇಲೆ ಸುಖವಾಗಿ ಕುಳಿತದ್ದು ಆ ಹದ್ದಿನ ಕಣ್ಣಿಗೆ ಕಾಣಲಿಲ್ಲ. "ಭೇಷ್! ಇನ್ನು ಒಣಗಿಸೋದೊಂದೇ" ಎಂದುಕೊಂಡರು.

ಒಣಗಿಸುವುದಕ್ಕೆ ಜಗತ್ತಿನಲ್ಲಿ ಎಷ್ಟೋ ದಾರಿಗಳಿವೆ. ಆದರೆ ಜೀವಮಾನವಿಡೀ ಲಾಂಡ್ರಿಯಲ್ಲಿ ಕಳೆದವನಿಗೆ ಹೊಳೆಯುವ ದಾರಿ ಒಂದೇ! ಒಂದು ದಿಂಬಿನ ಚೀಲಕ್ಕೆ ಎಲೆ ತುಂಬಿದರು, ಬಾಯಿಗೆ ಗಂಟು ಹಾಕಿದರು, ಅಡುಗೆಮನೆಯ ಹಿಂದಿದ್ದ ವಾಷಿಂಗ್ ಮಷೀನಿನಲ್ಲಿ ಇಟ್ಟು ಹಿಂಡುವ ಗುಂಡಿ ಒತ್ತಿದರು. ಯಂತ್ರ ಮೊದಲು ಗುನುಗಿತು. ಆಮೇಲೆ ಕೂಗಿತು. ಆಮೇಲೆ ಇಡೀ ಮೈ ಕುಲುಕಿಕೊಂಡು ನಾಲ್ಕು ಹೆಜ್ಜೆ ಮುಂದೆ ನಡೆದುಬಂದಿತು. ಗಂಟು ಯಾವಾಗಲೋ ಬಿಚ್ಚಿಹೋಗಿತ್ತು.

ಒಳಗಿದ್ದ ಲೆಟ್ಯೂಸ್ ರುಬ್ಬಿದ ಹಾಗಾಗಿ, ಕೊಳವೆ ಕಟ್ಟಿ, ಹಸಿರು ನೀರು ನೆಲಕ್ಕೆ ಬಂತು. ನೆಲದಿಂದ ಸಂದಿಗೆ, ಸಂದಿಯಿಂದ ಕೆಳಮನೆಗೆ. ಕೆಳಮನೆಯಲ್ಲಿ ಒಬ್ಬ ಟೈಲರ್ ಇದ್ದ. ಒಂದು ನಿಮಿಷದಲ್ಲೇ ಅವನ ಆರ್ತನಾದ ಮೆಟ್ಟಿಲು ಹತ್ತಿ ಬಂತು:

"ಸಾರ್! ಮೇಲಿಂದ ತೋಟ ಇಳೀತಿದೆ ಸಾರ್! ಬಿಳಿ ಕೋಟು! ಮದುಮಗನ ಕೋಟು!"

ಶುಭ್ರಪ್ಪನವರಲ್ಲಿದ್ದ ಕಸುಬುದಾರ ಗಕ್ಕನೆ ಎಚ್ಚೆತ್ತ. "ಯಾರೂ ಮುಟ್ಟಬೇಡಿ! ಉಜ್ಜಬೇಡಿ! ಬಂದೆ!" ಎಂದು ಹಿಂಬಾಗಿಲಿನಿಂದ ಕೆಳಗೋಡಿದರು. ಕೋಟನ್ನು ಬೆಳಕಿಗೆ ಹಿಡಿದರು. ಕಣ್ಣು ಕಿರಿದು ಮಾಡಿದರು. "ಹ್ಞೂಂ. ಸೊಪ್ಪಿನ ಹಸಿರು. ತಾಜಾ. ಇದರ ಮೂಲ ಯಾವುದಪ್ಪಾ ಅಂದ್ರೆ..."

"ಮೂಲ ನೀವೇ ಸಾರ್" ಎಂದ ಟೈಲರ್.

ಕೋಟನ್ನು ಲಾಂಡ್ರಿಗೆ ಒಯ್ದು ಬೆಳ್ಳಗೆ ಮಾಡಿಕೊಡುವುದಾಗಿ ಮಾತು ಕೊಟ್ಟು, ಅದನ್ನು ಬಗಲಿಗೆ ಸೇರಿಸಿಕೊಂಡು, ಒದ್ದೆ ಕಾಲಿನಲ್ಲಿ ಮೇಲೆ ಬಂದರು. ಒಂದೇ ಲೆಟ್ಯೂಸ್ ಉಳಿದಿತ್ತು.

ಬಾಗಿಲಾಚೆಯಿಂದ ಹೆಂಡತಿಯ ದನಿ. "ಕೇಳ್ತಿದೆಯಾ ರೀ? ಎಲೆ ಬಿಡಿಸಿ, ಅಗಲವಾದ ಬೇಸನ್‌ನಲ್ಲಿ ಮುಳುಗಿಸಿ, ಮೆಲ್ಲಗೆ ಅಲ್ಲಾಡಿಸಿ. ಮಣ್ಣು ತಳಕ್ಕೆ ಹೋಗುತ್ತೆ. ಎಲೆನ ಮೇಲಕ್ಕೆ ಎತ್ತಬೇಕು, ನೀರು ಬಗ್ಗಿಸಬಾರದು. ಮಣ್ಣು ಕಾಣದೇ ಇರೋವರೆಗೂ ಹಾಗೇ ಮಾಡಿ. ಆಮೇಲೆ ಒಂದು ಒಣ ಬಟ್ಟೇಲಿ ಸುತ್ತಿ. ಬೇಸನ್ ಎಲ್ಲಿದೆ ಅಂತ..."

"ಗೊತ್ತು ಕಣೇ! ನನ್ನ ಮನೇಲಿ ಬೇಸನ್ ಎಲ್ಲಿದೆ ಅಂತ ನಂಗೊತ್ತಿಲ್ವಾ?"

ಗೊತ್ತಿರಲಿಲ್ಲ. ಮನೆ ಅವರದು, ಮನೆಯ ಸಾಲ ಅವರದು, ಬಾಗಿಲ ಮೇಲಿನ ಹೆಸರು ಅವರದು. ಸೊಪ್ಪು ತೊಳೆಯುವ ಬೇಸನ್ ಎಲ್ಲಿದೆಯೆಂದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಆಜ್ಞೆ ಹೊರಡಿಸಿದವರು ಕೇಳುವುದುಂಟೆ? ಕಪಾಟು ತೆರೆದರು, ಡಬ್ಬ ಬಿತ್ತು. ಅಟ್ಟಕ್ಕೆ ಕೈ ಹಾಕಿದರು, ಧೂಳು ಬಿತ್ತು. ಕೊನೆಗೆ ಒಣ ಟವೆಲ್ ತರುವ ನೆಪದಲ್ಲಿ ಮಲಗುವ ಕೋಣೆಗೆ ನುಸುಳಿದರು.

ಅಲ್ಲಿ, ಬಾಗಿಲ ಹಿಂದಿನ ಮೊಳೆಗೆ, ಹೆಂಡತಿಯ ಹಳೆಯ ಶಾಲಿನ ಅಡಿಯಲ್ಲಿ, ಒಂದು ನೀಲಿ ಬೇಸನ್ ನೇತಾಡುತ್ತಿತ್ತು.

ಎಂಥ ಬೇಸನ್! ಅಗಲ, ಹಗುರ, ಕನ್ನಡಿಯಷ್ಟು ನಿಚ್ಚಳ. "ಇಂಥದನ್ನ ಇಲ್ಲಿ ಬಚ್ಚಿಟ್ಟಿದ್ದಾಳಲ್ಲ!" ಎಂದು ಬೆರಗಾದರು. ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಿದರು, ಹೊರಗೆ ನೋಡಿದರು, ಅಂಚಿನಲ್ಲಿ ಉಗುರು ಆಡಿಸಿದರು, ಮೂಸಿದರು. ಒಂದು ಕಲೆಯಿಲ್ಲ. ಒಂದು ಗೀರಿನ ಕಪ್ಪಿಲ್ಲ. "ಪಾಸ್!" ಎಂದು ತೀರ್ಪಿತ್ತು, ಟವೆಲಿನಡಿ ಅಡಗಿಸಿ, ಹೆಂಡತಿಯ ಮುಂದೆಯೇ ಜಾದೂಗಾರನಂತೆ ನಡೆದುಹೋದರು.

ಈ ಸಲ ಹೇಳಿದ ಹಾಗೆಯೇ ಮಾಡಿದರು. ಎಲೆ ಮುಳುಗಿಸಿದರು, ಅಲ್ಲಾಡಿಸಿದರು, ಎತ್ತಿದರು. ನೀರಿನ ತಳದಲ್ಲಿ ಕೆಂಪು ಮಣ್ಣಿನ ಒಂದು ಪದರ ತಣ್ಣಗೆ ಮಲಗಿತ್ತು. ಅದನ್ನು ಕಂಡು ಶುಭ್ರಪ್ಪನವರು ಬಾಯಿಬಿಟ್ಟು ನಿಂತರು. ಇದೆಲ್ಲ ಇಷ್ಟು ದಿನ ಎಲ್ಲಿ ಹೋಗುತ್ತಿತ್ತು? ನೀರು ಚೆಲ್ಲಿ, ಹೊಸ ನೀರು ಹಾಕಿ, ಮತ್ತೆ ಎತ್ತಿದರು. ಮಣ್ಣು ಕಡಿಮೆಯಾಯಿತು. ಮತ್ತೆ. ಸಣ್ಣ ಹುಳುವೊಂದು ತೇಲಿತು, ಅದನ್ನೂ ತೆಗೆದರು. ಕೊನೆಗೆ ನೀರು ನೀರಾಗಿಯೇ ಉಳಿಯಿತು. ಟವೆಲಿನಲ್ಲಿ ಸುತ್ತಿ ಒತ್ತಿ, ಬಿಳಿ ತಟ್ಟೆಯಲ್ಲಿ ಜೋಡಿಸಿ, ಉಪ್ಪು ಉದುರಿಸಿ, ನಿಂಬೆಹಣ್ಣು ಹಿಂಡಿದರು. ಎಲೆಗಳು ಗರಿಗರಿಯಾಗಿ, ಬೆಳಗಿನ ಹೊತ್ತು ಕಿತ್ತಂತೆ ಕುಳಿತಿದ್ದವು.

ತಟ್ಟೆಯ ಮೆರವಣಿಗೆ ನಡುಮನೆಗೆ ಬಂತು.

"ಅಬ್ಬಾ!" ಎಂದರು ಹೆಂಡತಿ. ನಿಜವಾಗಿಯೂ ಎಂದರು. ಕಣ್ಣಿನಲ್ಲಿ ಹಸಿವಿತ್ತು. ಎಷ್ಟೋ ತಿಂಗಳಿಂದ ಆ ಕಣ್ಣಿನಲ್ಲಿ ಕಾಣದಿದ್ದದ್ದು.

"ಭಾವ, ನಂಬೋಕಾಗ್ತಿಲ್ಲ. ಒಂದು ಕಣ ಮಣ್ಣಿಲ್ಲ!" ಎಂದಳು ತಂಗಿ ಎಲೆ ತಿರುವಿ ನೋಡಿ.

"ಇನ್ನೇನು ಅಂದ್ಕೊಂಡೆ? ಕಸುಬು ಕಣಮ್ಮಾ, ಕಸುಬು!"

ಹೆಂಡತಿ ಒಂದು ಎಲೆ ಎತ್ತಿ ತುಟಿಯ ಹತ್ತಿರ ತಂದರು. ಗಂಡನನ್ನು ಇನ್ನೊಂದಿಷ್ಟು ಉಬ್ಬಿಸೋಣವೆಂದು, ಬರೀ ಮಾತಿಗೆ, ಕೇಳಿದರು: "ಬೇಸನ್ ಸಿಕ್ತಾ? ಸ್ಟೀಲಿಂದು, ಮೇಲಿನ ಕಪಾಟಲ್ಲಿತ್ತಲ್ಲ?"

"ಸ್ಟೀಲು ಯಾಕೆ? ಅದಕ್ಕಿಂತ ಒಳ್ಳೇದೇ ಹುಡುಕಿದೆ. ಆ ನೀಲಿದು! ಬಾಗಿಲ ಹಿಂದೆ ಬಚ್ಚಿಟ್ಟಿದ್ದೆಯಲ್ಲ, ಕಳ್ಳಿ!"

ಎಲೆ ಅಲ್ಲೇ ನಿಂತಿತು. ತಂಗಿ ನೆಲ ನೋಡಿದಳು.

"ಅದು ನನ್ನದು ರೀ."

"ಈ ಮನೇಲಿ ಎಲ್ಲಾ ನಿಂದೇ ಅಲ್ವೇನೇ?"

"ಹಾಗಲ್ಲ. ಅದು ವಾಂತಿ ಬೇಸನ್."

"ಯಾರ ವಾಂತಿ?"

ಆಕೆ ಗಂಡನ ಮುಖ ನೋಡಿದರು. ಶುಭ್ರಪ್ಪನವರು ನಗಲು ನೋಡಿದರು. "ನಿಂಗೆ ವಾಂತಿನೇ ಆಗ್ಲಿಲ್ವಲ್ಲ! ಒಂದೇ ಒಂದು ಸಲ..."

"ಆಗ್ತಿತ್ತು."

"ಯಾವಾಗ?"

"ನೀವು ಕೆಲಸಕ್ಕೆ ಹೋದ್ಮೇಲೆ. ನೀವು ಸ್ನಾನಕ್ಕೆ ಹೋದಾಗ, ನಲ್ಲಿ ಸದ್ದಿರ್ತಿತ್ತಲ್ಲ, ಆವಾಗ." ಎಲೆಯನ್ನು ತಟ್ಟೆಯಲ್ಲಿಟ್ಟರು. "ನೀವು ಹಾಲಲ್ಲಿ ಕೂತ್ಕೊಂಡು ಫೋನಲ್ಲಿ ಎಲ್ರಿಗೂ 'ಒಂದೇ ಒಂದು ಸಲ ಇಲ್ಲ' ಅಂತಿದ್ರಲ್ಲ, ಆವಾಗ್ಲೂ."

"ನಂಗೆ ಹೇಳ್ಬಾರ್ದಿತ್ತಾ?"

"ಅಷ್ಟು ಖುಷಿಯಿಂದ ಹೇಳ್ತಿದ್ರಿ. ಅದನ್ನ ಯಾಕೆ ಹಾಳು ಮಾಡೋದು ಅಂತ."

"ಯಾರು ತೊಳೀತಿದ್ರು?"

"ಇವಳಿದ್ದ ದಿನ ಇವಳು. ಇಲ್ದಿದ್ದ ದಿನ ನಾನೇ. ಇನ್ಯಾರು?"

ಹೆಂಡತಿಯೇ ಸಮಾಧಾನ ಹೇಳಲು ಹೊರಟರು. "ಪಾಪ, ನಿಮಗೇನು ಗೊತ್ತು. ಸೋಪು, ಬಿಸಿನೀರು ಹಾಕಿ ಉಜ್ಜಿಟ್ಟಿದ್ದೆ, ಕ್ಲೀನಾಗೇ ಇದೆ. ಆದ್ರೆ ಅದರ ನೆನಪಾದ್ರೇನೇ ನಂಗೆ..." ಎನ್ನುತ್ತಿದ್ದಂತೆ ಮಾತು ನಿಂತು, ಅಂಗೈ ಬಾಯಿಗೆ ಹೋಯಿತು.

"ಭಾವ! ಬೇಸನ್!"

ಶುಭ್ರಪ್ಪನವರು ಓಡಿದರು. ಒಳಗಿದ್ದ ನೀರು ಚೆಲ್ಲಿ, ಬೇಸನ್ ಹಿಡಿದು ಓಡಿಬಂದರು. ಜೀವನದಲ್ಲಿ ಮೊದಲ ಸಲ ಹೆಂಡತಿಯ ಮುಂದೆ ಅದನ್ನು ಹಿಡಿದು ನಿಂತರು. ಹೇಗೆ ಹಿಡಿಯಬೇಕೆಂದು ತಿಳಿಯಲಿಲ್ಲ. ಆರತಿ ತಟ್ಟೆ ಹಿಡಿದಂತೆ, ಎರಡು ಕೈಯಲ್ಲಿ, ಆಕೆಯ ಹಣೆಯ ಮಟ್ಟಕ್ಕೆ ಹಿಡಿದರು.

ಆ ಸಂಕಟದ ನಡುವೆಯೂ ಆಕೆ ತಲೆ ಎತ್ತಿ, ಉಸಿರು ಸಿಕ್ಕಷ್ಟರಲ್ಲಿ ಹೇಳಿದರು: "ಸ್ವಲ್ಪ ಕೆಳಗೆ ರೀ."

ಎಲ್ಲ ಮುಗಿದ ಮೇಲೆ ಬಾಯಿ ಒರೆಸಿಕೊಂಡು ಕಣ್ಣು ಮುಚ್ಚಿ ಒರಗಿದರು. "ಹಸಿವು ಹೋಯ್ತು" ಎಂದರು. ಅಷ್ಟೇ. ಅಂದು ಆ ನೆಂಟ ಮತ್ತೆ ಬರಲಿಲ್ಲ. ತಟ್ಟೆಯಲ್ಲಿದ್ದ ಎಲೆಗಳು ನಿಂಬೆರಸ ಕುಡಿದು ಒಂದೊಂದಾಗಿ ಬಾಡಿದವು. ಕರುಂ ಎನ್ನುವ ಸದ್ದು ಆ ಮನೆಯಲ್ಲಿ ಕೇಳಲಿಲ್ಲ.

ಶುಭ್ರಪ್ಪನವರು ಬೇಸನ್ನನ್ನು ತಾವೇ ತೊಳೆದರು. ತೊಳೆದು ಕಿಟಕಿಯ ಬೆಳಕಿಗೆ ಹಿಡಿದರು. ಅಂಚಿನಲ್ಲಿ ತೆಳುವಾಗಿ ಒಂದು ಹಳದಿ ಗೆರೆ ಉಳಿದಿತ್ತು. ಇನ್ನೊಮ್ಮೆ ಉಜ್ಜಿದರು. ಉಳಿಯಿತು. ನಿಲ್ಲಲು ತ್ರಾಣವಿಲ್ಲದ ಹೆಂಗಸು ಅಷ್ಟು ತಿಂಗಳು ತನ್ನ ನೋವಿನ ಒಂದು ಕಲೆಯೂ ಈ ಕಣ್ಣಿಗೆ ಬೀಳದಂತೆ ತೊಳೆದಿಟ್ಟಿದ್ದಳು. ಆಸ್ಪತ್ರೆಯ ಹೊದಿಕೆಗಳಲ್ಲಿ ಊರಿನವರ ಸಂಕಟವನ್ನೆಲ್ಲ ಓದಿದ ಮಹಾಶಯರು ತಮ್ಮ ಬಾಗಿಲ ಹಿಂದೆ ನೇತಾಡುತ್ತಿದ್ದುದನ್ನು ಮೂಸಿ ನೋಡಿ ಪಾಸ್ ಮಾಡಿದ್ದರು!

ಮರುದಿನ ಲಾಂಡ್ರಿಯಲ್ಲಿ ಹಸಿರು ಬಿದ್ದ ಕೋಟನ್ನು ಕಂಡು ಕೆಲಸದವರು ಸುತ್ತ ಸೇರಿದರು. ಚಹಾದ ಹೊತ್ತಾಗಿತ್ತು. ಒಬ್ಬ ರೂಢಿಯಂತೆ ಶುರುಮಾಡಿದ: "ಅಮ್ಮಾವ್ರು ಹೇಗಿದ್ದಾರೆ ಸಾರ್? ವಾಂತಿ ಗೀಂತಿ ಒಂದೇ ಒಂದು ಸಲನೂ ಇಲ್ಲ ಅಲ್ವಾ ಸಾರ್? ಎಲ್ಲಾ ನಿಮ್ಮ ಆರೈಕೆ!"

ಶುಭ್ರಪ್ಪನವರು ಯಂತ್ರ ನಿಲ್ಲಿಸಿದರು.

"ಬೇಸನ್ ಹಿಡಿದದ್ದು ಒಂದೇ ಒಂದು ಸಲ ಕಣ್ರಯ್ಯಾ" ಎಂದರು. "ಅದನ್ನೂ ಎತ್ತರಕ್ಕೆ ಹಿಡಿದೆ."

ಯಾರೂ ಚಹಾ ಕೇಳಲಿಲ್ಲ.

ಈಗ ನಿಮ್ಮ ಸರದಿ. ನಿಮ್ಮ ಮನೆಯಲ್ಲಿ ಸೊಪ್ಪು ತೊಳೆಯುವ ಬೇಸನ್ ಯಾವುದು? ಅದು ಎಲ್ಲಿರುತ್ತದೆ? ಕುಳಿತಲ್ಲಿಂದಲೇ ಕೂಗಿ ಕೇಳಬೇಡಿ, "ಎಲ್ಲಿದೆಯೇ?" ಎಂದು. "ಚೆನ್ನಾಗಿದ್ದೀನಿ" ಎನ್ನುವ ಉತ್ತರದಷ್ಟೇ ಸುಲಭವಾಗಿ ಅದಕ್ಕೂ ಉತ್ತರ ಬಂದುಬಿಡುತ್ತದೆ. ಇದನ್ನು ಮಡಚಿಡಿ. ಏಳಿ. ಒಳಗೆ ಹೋಗಿ ನೋಡಿ. ಬಾಗಿಲ ಹಿಂದೆಯೂ ನೋಡಿ.